ಮೋಮೋ ಮನೆಯಲ್ಲಿ: ಕಣಕ, ಹೂರಣ, ಹಬೆ

ಹಬೆಯಲ್ಲಿ ಬೇಯಿಸುವ ಮೋಮೋ ಮತ್ತು ಅದರ ಬಳಗದ ತಿನಿಸುಗಳ ಬಗ್ಗೆ ಬಂದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಕೇಳಿದವರ ಊರು ಬೇರೆ ಬೇರೆಯಾದರೂ ತೊಂದರೆಯ ಮೂಲ ಬಹುಪಾಲು ಒಂದೇ, ನೀರು. ಕಣಕಕ್ಕೆ ಎಷ್ಟು ಹಾಕಬೇಕು, ಹೂರಣದಿಂದ ಎಷ್ಟು ತೆಗೆಯಬೇಕು, ಮುಚ್ಚಳದಿಂದ ತೊಟ್ಟಿಕ್ಕುವುದನ್ನು ಹೇಗೆ ತಡೆಯಬೇಕು ಎಂಬುದು ಕೈಗೆ ಹತ್ತಿದರೆ, ನೆರಿಗೆ ಸೊಟ್ಟಗಿದ್ದರೂ ಮೋಮೋ ರುಚಿಯಾಗಿಯೇ ಇರುತ್ತದೆ. ಕೆಳಗೆ ಟೀ ಚಮಚ ಎಂದರೆ 5 ಮಿ.ಲೀ., ದೊಡ್ಡ ಚಮಚ ಎಂದರೆ 15 ಮಿ.ಲೀ.

ಕೆಲಸ ಮುಗಿಸಿ ಸಂಜೆ ಮನೆಗೆ ಬಂದ ಮೇಲೆ ಮಕ್ಕಳಿಗೆ ಮೋಮೋ ಮಾಡಿಕೊಡಲು ಆಗುತ್ತದೆಯೇ? ಒಂದೊಂದೇ ಉಂಡೆ ಲಟ್ಟಿಸಿ ನೆರಿಗೆ ಹಿಡಿಯುವಷ್ಟರಲ್ಲಿ ರಾತ್ರಿ ಒಂಬತ್ತಾಗುತ್ತದೆ. ಸುಲಭದ ದಾರಿ ಇದ್ದರೆ ಅಳತೆಸಹಿತ ತಿಳಿಸಿ. (ಹಾಸನ)

ಒಂದು ಗಂಟೆಯೊಳಗೆ ತಟ್ಟೆಗೆ ಬರುತ್ತದೆ. ಕೆಲಸದ ಸರದಿ ಮಾತ್ರ ತಪ್ಪಬಾರದು. ಈ ಅಳತೆಗೆ ಸುಮಾರು 30 ಮೋಮೋ ಆಗುತ್ತವೆ.

ಮೊದಲು ಕೈ ಹಚ್ಚಬೇಕಾದದ್ದು ಎಲೆಕೋಸಿಗೆ. 300 ಗ್ರಾಂ ಎಲೆಕೋಸನ್ನು ಸಣ್ಣಗೆ ಹೆಚ್ಚಿ, 1 ಟೀ ಚಮಚ ಉಪ್ಪು ಸವರಿ ಒಂದು ಬದಿಗಿಡಿ. ಅದು ನೀರು ಬಿಡುತ್ತಿರುವಾಗಲೇ 200 ಗ್ರಾಂ ಮೈದಾಕ್ಕೆ ಅರ್ಧ ಟೀ ಚಮಚ ಉಪ್ಪು, 100 ಮಿ.ಲೀ. ನೀರು ಹಾಕಿ ಕಲಸಿ. ಮೊದಲಿಗೆ ಹಿಟ್ಟು ಒಣಗಿದಂತೆ, ಒಡೆದಂತೆ ಕಾಣುತ್ತದೆ. ಆಗಲೇ ಇನ್ನಷ್ಟು ನೀರು ಸುರಿಯಬೇಡಿ. ಮುಚ್ಚಿ 5 ನಿಮಿಷ ಬಿಟ್ಟು ಮತ್ತೆ 5 ನಿಮಿಷ ನಾದಿದರೆ ನುಣುಪಾಗುತ್ತದೆ. ಪೂರಿ ಹಿಟ್ಟಿಗಿಂತ ಸ್ವಲ್ಪ ಮೆತ್ತಗೆ, ಚಪಾತಿ ಹಿಟ್ಟಿಗಿಂತ ಗಟ್ಟಿ, ಇದು ಹದ. ಒದ್ದೆ ಬಟ್ಟೆ ಮುಚ್ಚಿ ಕನಿಷ್ಠ 20 ನಿಮಿಷ ನೆನೆಯಲಿ.

ಈ ಹೊತ್ತಿನಲ್ಲಿ 1 ಗಜ್ಜರಿ ತುರಿದುಕೊಳ್ಳಿ. 1 ಸಣ್ಣ ಈರುಳ್ಳಿ, ಒಂದಿಂಚು ಶುಂಠಿ, 5 ಎಸಳು ಬೆಳ್ಳುಳ್ಳಿ, 2 ಹಸಿಮೆಣಸಿನಕಾಯಿ ಕೊಚ್ಚಿಕೊಳ್ಳಿ. 100 ಗ್ರಾಂ ಪನೀರ್ ಪುಡಿ ಮಾಡಿಕೊಳ್ಳಿ. ಎಲೆಕೋಸನ್ನು ತೆಳು ಬಟ್ಟೆಯಲ್ಲಿ ಕಟ್ಟಿ ಗಟ್ಟಿಯಾಗಿ ಹಿಂಡಿ. 75ರಿಂದ 100 ಮಿ.ಲೀ. ನೀರು ಬರಬೇಕು. ಅಷ್ಟು ಬರದಿದ್ದರೆ ನೀವು ಹಿಂಡಿದ್ದು ಸಾಲದು. ಎಲ್ಲವನ್ನೂ ಸೇರಿಸಿ, ಮೊದಲು ಒಂದೂವರೆ ದೊಡ್ಡ ಚಮಚ ಎಣ್ಣೆ ಹಾಕಿ ಕಲಸಿ, ಆಮೇಲೆ 2 ಟೀ ಚಮಚ ಸೋಯಾ ಸಾಸ್, ಅರ್ಧ ಟೀ ಚಮಚ ಕಾಳುಮೆಣಸಿನ ಪುಡಿ ಹಾಕಿ. ಎಣ್ಣೆ ಮೊದಲು ಬೀಳಬೇಕು. ತರಕಾರಿಗೆ ಎಣ್ಣೆಯ ಪದರ ಹತ್ತಿದ ಮೇಲೆ ಸಾಸಿನ ಉಪ್ಪು ಅದರಿಂದ ಬೇಗ ನೀರೆಳೆಯುವುದಿಲ್ಲ. ಹಿಂಡಿದ ನೀರಿನ ಜೊತೆ ಉಪ್ಪೂ ಒಂದಿಷ್ಟು ಹೋಗಿರುತ್ತದೆ, ಆದ್ದರಿಂದ ಬಾಯಿಗೆ ಹಾಕಿ ನೋಡಿ ಬೇಕಿದ್ದರಷ್ಟೇ ಉಪ್ಪು ಸೇರಿಸಿ.

ಇನ್ನು ಸಮಯ ಉಳಿಸುವ ಉಪಾಯ. ಕಣಕವನ್ನು ನಾಲ್ಕು ಭಾಗ ಮಾಡಿ, ಪ್ರತಿಯೊಂದನ್ನೂ 25 ಸೆಂ.ಮೀ. ಅಗಲದ ಚಪಾತಿಯಾಗಿ ಲಟ್ಟಿಸಿ. 8 ಸೆಂ.ಮೀ. ಬಾಯಿಯ ಲೋಟ ಅಥವಾ ಡಬ್ಬಿ ಮುಚ್ಚಳದಿಂದ ನಡುವೆ ಒಂದು, ಸುತ್ತ ಆರು ಹಾಳೆ ಒತ್ತಿ ತೆಗೆಯಿರಿ. ಏಳು ಸರಿಯಾಗಿ ಹಿಡಿಸುತ್ತವೆ. ನಾಲ್ಕು ಚಪಾತಿಗೆ 28 ಹಾಳೆ, ಉಳಿದ ತುಂಡುಗಳನ್ನು ಕೂಡಿಸಿ 10 ನಿಮಿಷ ಬಿಟ್ಟು ಲಟ್ಟಿಸಿದರೆ ಇನ್ನೂ ಕೆಲವು ಬರುತ್ತವೆ. ಚೌಕವಾಗಿ ಲಟ್ಟಿಸಿ ಚಾಕುವಿನಿಂದ ಒಂಬತ್ತು ಚೌಕ ಕತ್ತರಿಸಿ, ತ್ರಿಕೋನವಾಗಿ ಮಡಚಿದರೆ ಇನ್ನೂ ಬೇಗ, ತುಂಡೂ ಉಳಿಯುವುದಿಲ್ಲ.

ಹಾಳೆಯ ನಡುವೆ 2 ಟೀ ಚಮಚ ಹೂರಣ ಇಟ್ಟು, ಸುತ್ತ ಒಂದೂವರೆ ಸೆಂ.ಮೀ. ಅಂಚು ಬಿಟ್ಟು, ಅರ್ಧಚಂದ್ರದಂತೆ ಮಡಚಿ. ಮೊದಲು ನಡು ಒತ್ತಿ, ಅಲ್ಲಿಂದ ಎರಡೂ ತುದಿಯ ಕಡೆ ಒತ್ತುತ್ತಾ ಒಳಗಿನ ಗಾಳಿ ಹೊರಗೆ ಹೋಗುವಂತೆ ಮಾಡಿ. ಒಳಗೆ ಗಾಳಿ ಉಳಿದರೆ ಹಬೆಯಲ್ಲಿ ಉಬ್ಬಿ ಅಂಚು ಬಿಟ್ಟುಕೊಳ್ಳುತ್ತದೆ. ಹೊಸದಾಗಿ ಲಟ್ಟಿಸಿದ ಹಾಳೆಗೆ ಅಂಚಿನಲ್ಲಿ ನೀರು ಹಚ್ಚುವ ಅಗತ್ಯವಿಲ್ಲ, ಹಚ್ಚಿದರೆ ಜಾರುತ್ತದೆ. ಆದರೆ ಅಂಚಿನಲ್ಲಿ ಒಣಹಿಟ್ಟೋ ಎಣ್ಣೆಯೋ ಇದ್ದರೆ ಅದು ಎಂದಿಗೂ ಕೂಡಿಕೊಳ್ಳುವುದಿಲ್ಲ.

ಇಡ್ಲಿ ಪಾತ್ರೆಯಲ್ಲಿ ನೀರು ಕುದ್ದು ಹಬೆ ಜೋರಾಗಿ ಬಂದ ಮೇಲಷ್ಟೇ ತಟ್ಟೆ ಇಳಿಸಿ. ದೊಡ್ಡ ಉರಿಯಲ್ಲಿ 8 ನಿಮಿಷ. ಕುಕ್ಕರ್ ಆದರೆ ವಿಷಲ್ ತೆಗೆದಿಡಿ. ಹಾಳೆಯ ಮೇಲೆ ಬಿಳಿ ಹಿಟ್ಟಿನ ಛಾಯೆ ಹೋಗಿ ಹೊಳಪು ಬಂದು, ಒದ್ದೆ ಬೆರಳಿಗೆ ಅಂಟದಿದ್ದರೆ ಬೆಂದಿದೆ.

ನಮ್ಮ ಮನ್ಯಾಗ ಮಾಡಿದ ಮೋಮೋ ಬಿಸಿ ಇದ್ದಾಗ ಚಲೋ ಇರ್ತಾವ, ಐದು ನಿಮಿಷಕ್ಕ ಚರ್ಮದಂಗ ಆಗ್ತಾವ. ಹಿಟ್ಟು ಎಷ್ಟು ನಾದಿದ್ರೂ ಇದೇ ಕತಿ. ಏನು ತಪ್ಪಾಗೇದ? (ಧಾರವಾಡ)

ನೀವು ಹೆಚ್ಚು ನಾದಿದ್ದೇ ಒಂದು ಕಾರಣ. ತಣ್ಣೀರಿನಲ್ಲಿ ಕಲಸಿದ ಮೈದಾವನ್ನು ನಾದಿದಷ್ಟೂ ಗ್ಲುಟೆನ್ (ಹಿಟ್ಟಿಗೆ ಎಳೆತ ಕೊಡುವ ಗೋಧಿಯ ಪ್ರೋಟೀನ್) ಜಾಲ ಬಿಗಿಯಾಗುತ್ತದೆ. ಅಂಥ ಕಣಕ ನೀರಿನಲ್ಲಿ ಬೇಯಿಸುವುದಕ್ಕೆ ಹೇಳಿ ಮಾಡಿಸಿದ್ದು, ಕುದಿಯುವ ನೀರಿನ ಹೊಡೆತ ತಾಳಿಕೊಳ್ಳುತ್ತದೆ. ಹಬೆಗೆ ಮತ್ತು ಬಾಣಲೆಗೆ ಬಿಸಿನೀರಿನ ಕಣಕ ಮೇಲು.

200 ಗ್ರಾಂ ಮೈದಾಕ್ಕೆ 60 ಮಿ.ಲೀ. ಕುದಿಯುವ ನೀರನ್ನು ಹನಿಹನಿಯಾಗಿ ಸುರಿಯುತ್ತಾ ಚಮಚದ ಹಿಡಿಯಿಂದ ತಿರುವಿ. ಹಿಟ್ಟು ಅಲ್ಲಲ್ಲಿ ಗಂಟುಗಂಟಾಗುತ್ತದೆ. ಎರಡು ನಿಮಿಷ ಬಿಟ್ಟು 45 ಮಿ.ಲೀ. ತಣ್ಣೀರು ಸೇರಿಸಿ ಕೈಯಿಂದ ನಾದಿ, ಅರ್ಧ ಗಂಟೆ ಮುಚ್ಚಿಡಿ. ಕುದಿನೀರು ಬಿದ್ದ ಪಾಲಿನಲ್ಲಿ ಪಿಷ್ಟ ಅಲ್ಲೇ ಅರ್ಧ ಬೆಂದು ನೀರು ಹಿಡಿದುಕೊಳ್ಳುತ್ತದೆ, ಗ್ಲುಟೆನ್ ಬಿಗಿಯಾಗುವ ಶಕ್ತಿ ಕಳೆದುಕೊಳ್ಳುತ್ತದೆ. ತಣ್ಣೀರಿನ ಪಾಲು ಲಟ್ಟಿಸಲು ಬೇಕಾದ ಎಳೆತ ಕೊಡುತ್ತದೆ. ನೆನೆದ ಮೇಲೆ ಈ ಕಣಕ ಮುಟ್ಟಿದರೆ ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು.

ಇನ್ನೊಂದು ಕಾರಣ ನೆರಿಗೆ. ಗುಂಡು ಮೋಮೋದ ತಲೆಯ ಮೇಲೆ ಹಿಟ್ಟು ಬಟಾಣಿಗಿಂತ ದಪ್ಪಗೆ ಕೂಡಿದರೆ ಅಷ್ಟು ಭಾಗ ಗಟ್ಟಿಯೇ. ತಿರುಚಿ ಚಿವುಟಿ ತೆಗೆದುಬಿಡಿ. ಹಾಳೆ ಲಟ್ಟಿಸುವಾಗ ನಡು ದಪ್ಪ (2 ಮಿ.ಮೀ. ಹತ್ತಿರ), ಅಂಚು ತೆಳು (1 ಮಿ.ಮೀ.ಗೂ ಕಡಿಮೆ) ಇರಲಿ. ಎಡಗೈಯಲ್ಲಿ ಹಾಳೆ ತಿರುಗಿಸುತ್ತಾ, ಬಲಗೈಯ ಲಟ್ಟಣಿಗೆಯನ್ನು ಅಂಚಿನಿಂದ ನಡುವಿನ ತನಕ ಮಾತ್ರ ಒಯ್ದು ಹಿಂದಕ್ಕೆ ತರಬೇಕು. ಚಪಾತಿಯ ಉದ್ದ ಲಟ್ಟಣಿಗೆಗಿಂತ ಸಣ್ಣದು, ತೆಳ್ಳಗಿನದು ಇದಕ್ಕೆ ಅನುಕೂಲ.

ಇಷ್ಟಾಗಿಯೂ ಬೆಂದ ಮೋಮೋವನ್ನು ಫ್ಯಾನಿನ ಕೆಳಗೆ ಬಿಟ್ಟರೆ ಯಾವ ಕಣಕವೂ ಒಣಗುತ್ತದೆ. ಉರಿ ಆರಿಸಿ ಒಂದು ನಿಮಿಷ ಬಿಟ್ಟು ಮುಚ್ಚಳ ತೆಗೆಯಿರಿ, ಮೇಲ್ಮೈಗೆ ಎಣ್ಣೆ ತೆಳ್ಳಗೆ ಸವರಿ, ತಿನ್ನುವವರೆಗೆ ಮುಚ್ಚಿಡಿ. ಗಟ್ಟಿಯಾದದ್ದನ್ನು 3 ನಿಮಿಷ ಮತ್ತೆ ಹಬೆಯಲ್ಲಿಟ್ಟರೆ ಮೆತ್ತಗಾಗುತ್ತದೆ.

ತಟ್ಟೆಯಿಂದ ಎತ್ತುವಾಗ ಮೋಮೋದ ತಳ ಕಿತ್ತು ಹೂರಣ ಕೆಳಗೆ ಬೀಳುತ್ತದೆ. ಇಡ್ಲಿ ತಟ್ಟೆಗೆ ಎಣ್ಣೆ ಹಚ್ಚಿದ್ದೆ. (ತುಮಕೂರು)

ಗುಳಿಯಿರುವ ಇಡ್ಲಿ ತಟ್ಟೆಯಲ್ಲಿ ಹಬೆಯ ನೀರು ಗುಳಿಯ ತಳದಲ್ಲಿ ನಿಲ್ಲುತ್ತದೆ. ಮೋಮೋ ಆ ನೀರಲ್ಲಿ ಕೂತು ತಳ ಅಂಬಲಿಯಾಗುತ್ತದೆ. ತೂತಿರುವ ಚಪ್ಪಟೆ ತಟ್ಟೆ ಇದ್ದರೆ ಅದನ್ನೇ ಬಳಸಿ. ಗುಳಿ ತಟ್ಟೆಯೇ ಇದ್ದರೆ ಗುಂಡು ಮೋಮೋ ಮಾಡಿ, ಪ್ರತಿ ಗುಳಿಗೂ ಎಲೆಕೋಸಿನ ಎಲೆಯ ತುಂಡು ಹಾಕಿ ಅದರ ಮೇಲಿಡಿ. ಬಾಳೆಲೆಯೂ ಆಗುತ್ತದೆ, ನಾಲ್ಕಾರು ಕಡೆ ಚುಚ್ಚಿ ತೂತು ಮಾಡಿ. ಮೋಮೋಗಳ ನಡುವೆ 1 ಸೆಂ.ಮೀ. ಜಾಗ ಬಿಡಿ.

ಮುಚ್ಚಳವನ್ನು ಒಣ ಬಟ್ಟೆಯಲ್ಲಿ ಸುತ್ತಿ, ಬಟ್ಟೆಯ ತುದಿಗಳನ್ನು ಉರಿಗೆ ತಾಗದಂತೆ ಮೇಲೆ ಗಂಟು ಹಾಕಿ. ಮುಚ್ಚಳದ ಹನಿ ಬಟ್ಟೆ ಹೀರಿಕೊಳ್ಳುತ್ತದೆ. ಕುದಿಯುವ ನೀರು ತಟ್ಟೆಗೆ ಎಗರದಂತೆ ಎರಡೂವರೆ ಸೆಂ.ಮೀ. ಅಂತರ ಇರಬೇಕು.

ತುಂಬಿಸಿದ ಮೋಮೋವನ್ನು ಬೇಯಿಸುವ ಮುಂಚೆ ಎಷ್ಟು ಹೊತ್ತು ಇಟ್ಟಿರೆಂದು ನೀವು ಬರೆದಿಲ್ಲ. ಇಪ್ಪತ್ತು ನಿಮಿಷ ದಾಟಿದರೆ ತರಕಾರಿ ಹೂರಣ ಮತ್ತೆ ನೀರು ಬಿಟ್ಟು ಹಾಳೆಯ ತಳ ನೆನೆಸುತ್ತದೆ, ಒಣಹಿಟ್ಟು ಉದುರಿಸದ ತಟ್ಟೆಯಾದರೆ ಅಲ್ಲೇ ಅಂಟಿಕೊಳ್ಳುತ್ತದೆ. ಒಂದು ತಟ್ಟೆ ತುಂಬಿದ ಕೂಡಲೇ ಹಬೆಗೆ ಇಡುವುದು ಒಳ್ಳೆಯದು. ಎರಡನೆಯದನ್ನು ಅದು ಬೇಯುವಾಗ ತುಂಬಿಸಬಹುದು.

ಪೂರಿ ಒತ್ತುವ ಪ್ರೆಸ್ ಇದೆ. ಅದರಲ್ಲಿ ಹಾಳೆ ಮಾಡಬಹುದೇ? (ದಾವಣಗೆರೆ)

ಖಂಡಿತ. 10 ಗ್ರಾಂ ಉಂಡೆ, ಮೇಲೆ ಕೆಳಗೆ ಒಣ ಪ್ಲಾಸ್ಟಿಕ್ ಹಾಳೆ. ಪೂರಿಗೆ ಹಚ್ಚುವಂತೆ ಎಣ್ಣೆ ಹಚ್ಚಬೇಡಿ, ಅಂಚು ಕೂಡುವುದಿಲ್ಲ. ಒತ್ತಿದ ಮೇಲೆ ಹಾಳೆ ಕುಗ್ಗಿದರೆ ಕಣಕ ನೆನೆದದ್ದು ಸಾಲದು, ಇನ್ನು ಹದಿನೈದು ನಿಮಿಷ ಬಿಡಿ. ಪ್ರೆಸ್ಸಿನಲ್ಲಿ ಇಡೀ ಹಾಳೆ ಒಂದೇ ದಪ್ಪ ಬರುತ್ತದೆ, ಅಂಚನ್ನು ಬೆರಳಿನಿಂದ ಸುತ್ತ ಚಿವುಟಿ ತೆಳು ಮಾಡಿಕೊಂಡರೆ ಸಾಕು.

ಬೈಲಕುಪ್ಪೆಯಲ್ಲಿ ತಿಂದ ಮೋಮೋಗೂ ಹೋಟೆಲಿನ ಗ್ಯೋಝಾ, ವಾಂಟನ್‌ಗಳಿಗೂ ಏನು ವ್ಯತ್ಯಾಸ? ಒಂದೇ ಕಣಕದಲ್ಲಿ ಎಲ್ಲವನ್ನೂ ಮಾಡಬಹುದೇ? (ಮೈಸೂರು)

ಬೈಲಕುಪ್ಪೆ, ಮುಂಡಗೋಡಿನಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟಿಯನ್ನರ ಮೋಮೋ ಹಾಳೆ ಕೊಂಚ ದಪ್ಪ, ಹೂರಣ ಸರಳ. ಮಾಂಸ, ಈರುಳ್ಳಿ, ಶುಂಠಿ, ಬೆಳ್ಳುಳ್ಳಿ, ಉಪ್ಪು, ಅಷ್ಟೇ. ಮಸಾಲೆಯ ಕೆಲಸವನ್ನು ಪಕ್ಕದ ಖಾರದ ಚಟ್ನಿ ಮಾಡುತ್ತದೆ. ಕಠ್ಮಂಡುವಿನ ಮೋಮೋದಲ್ಲಿ ಜೀರಿಗೆ, ಕೊತ್ತಂಬರಿಯಂಥ ಮಸಾಲೆ ಹೂರಣದೊಳಗೇ ಸೇರುತ್ತದೆ. ಟೊಮೆಟೊ ಮತ್ತು ಎಳ್ಳಿನ ತೆಳು ಸಾರಿನಲ್ಲಿ ಮುಳುಗಿಸಿ ಕೊಟ್ಟರೆ ಝೋಲ್ ಮೋಮೋ.

ಉತ್ತರ ಚೀನಾದಲ್ಲಿ ಹೊಸ ವರ್ಷದ ರಾತ್ರಿ ಮನೆಮಂದಿ ಕೂಡಿ ಮಾಡುವ ಜಿಯಾವ್‌ಝ ತಣ್ಣೀರಿನ ಕಣಕದ್ದು, ಹೆಚ್ಚಾಗಿ ನೀರಿನಲ್ಲೇ ಬೇಯಿಸುತ್ತಾರೆ. ಅದೇ ತಿನಿಸು ಎರಡನೇ ಮಹಾಯುದ್ಧದ ನಂತರ ಮಂಚೂರಿಯಾದಿಂದ ಮರಳಿದ ಜಪಾನೀಯರ ಮೂಲಕ ಜಪಾನಿನಲ್ಲಿ ಹರಡಿ ಗ್ಯೋಝಾ ಆಯಿತು. ಹಾಳೆ ತೀರ ತೆಳು, ಬೆಳ್ಳುಳ್ಳಿ ಜಾಸ್ತಿ, ಬಾಣಲೆಯಲ್ಲಿ ತಳ ಕೆಂಪಗೆ ಸುಟ್ಟದ್ದು. ಕೊರಿಯಾದ ಮಾಂಡೂಗೆ ತೋಫು (ಸೋಯಾ ಪನೀರ್), ಗೆಣಸಿನ ಪಿಷ್ಟದ ಶ್ಯಾವಿಗೆ, ಹಲವೊಮ್ಮೆ ಕಿಮ್ಚಿ (ಹುಳಿ ಬರಿಸಿದ ಎಲೆಕೋಸು) ಸೇರುತ್ತವೆ. ವಾಂಟನ್ ಹಾಳೆ ಚೌಕ, ಎಲ್ಲಕ್ಕಿಂತ ತೆಳು, ಸಾರಿನಲ್ಲಿ ತೇಲುವಂಥದ್ದು. ಅದೊಂದನ್ನು ಬಿಟ್ಟರೆ ಉಳಿದದ್ದೆಲ್ಲ ಮೇಲೆ ಹೇಳಿದ ಎರಡು ಕಣಕಗಳಲ್ಲೇ ಆಗುತ್ತದೆ.

ನೀರಿನಲ್ಲಿ ಬೇಯಿಸುವುದಾದರೆ 20 ತುಂಡಿಗೆ ಎರಡೂವರೆ ಲೀಟರ್ ನೀರು ಕುದಿಸಿ, ಹಾಕಿದ ಕೂಡಲೇ ಸೌಟಿನ ಬೆನ್ನಿನಿಂದ ತಳ ಸರಿಸಿ. ಮತ್ತೆ ಕುದಿ ಬಂದಾಗ ಒಂದು ಲೋಟ ತಣ್ಣೀರು ಸುರಿಯಿರಿ. ಹೀಗೆ ಮೂರು ಸಲ. ನೀರು ಕೊತಕೊತ ಕುದಿಯದೆ ಒಳಗಿನ ತನಕ ಬೇಯುತ್ತದೆ, ಹಾಳೆ ಒಡೆಯುವುದಿಲ್ಲ. ಚೀನಾದ ಮನೆಗಳ ಹಳೆಯ ಪದ್ಧತಿ ಇದು, ಇವತ್ತಿಗೂ ಇದಕ್ಕಿಂತ ಸುಲಭದ ದಾರಿಯಿಲ್ಲ.

ಚಿಕನ್ ಮೋಮೋ ಒಳಗೆ ಒಣಗಿ ಉಂಡೆಯಂತಾಗುತ್ತದೆ. ರಸವೇ ಇರುವುದಿಲ್ಲ. (ಮಂಗಳೂರು)

ಎದೆಮಾಂಸದ ಕೈಮಾದಲ್ಲಿ ಕೊಬ್ಬು ಇರುವುದಿಲ್ಲ. ತೊಡೆಮಾಂಸ ಕೇಳಿ ತನ್ನಿ, ಚಾಕುವಿನಲ್ಲೇ ಕೊಚ್ಚಿದರೆ ಇನ್ನೂ ಒಳ್ಳೆಯದು. ತರಕಾರಿ ಹೂರಣದಿಂದ ನೀರು ತೆಗೆಯಬೇಕು, ಮಾಂಸಕ್ಕೆ ನೀರು ಕುಡಿಸಬೇಕು. ಎರಡಕ್ಕೂ ಒಂದೇ ವಿಧಾನ ಹಿಡಿದಲ್ಲೇ ಹೆಚ್ಚಿನವರಿಗೆ ತಪ್ಪುವುದು.

300 ಗ್ರಾಂ ಕೈಮಾಗೆ ಅರ್ಧ ಟೀ ಚಮಚ ಉಪ್ಪು, 1 ದೊಡ್ಡ ಚಮಚ ಸೋಯಾ ಸಾಸ್ ಹಾಕಿ ಒಂದೇ ದಿಕ್ಕಿನಲ್ಲಿ ತಿರುವಿ. ತಿರುವುತ್ತಲೇ 3 ದೊಡ್ಡ ಚಮಚ ತಣ್ಣೀರನ್ನು ಒಂದೊಂದಾಗಿ ಸೇರಿಸಿ, ಒಂದು ಹೀರಿದ ಮೇಲೆ ಇನ್ನೊಂದು. ಎರಡು ಮೂರು ನಿಮಿಷದಲ್ಲಿ ಮಾಂಸ ಜಿಗುಟಾಗಿ ಬಟ್ಟಲಿನ ಬದಿಗೆ ಹತ್ತತೊಡಗುತ್ತದೆ. ಉಪ್ಪು ಮಾಂಸದ ಪ್ರೋಟೀನನ್ನು ಕರಗಿಸುವುದರಿಂದ ಅದು ನೀರನ್ನು ಹಿಡಿದಿಡುತ್ತದೆ. ಆಮೇಲೆ 2 ದೊಡ್ಡ ಚಮಚ ಎಣ್ಣೆ ಅಥವಾ ಕರಗಿಸಿ ಆರಿಸಿದ ಬೆಣ್ಣೆ, ಶುಂಠಿ, ಬೆಳ್ಳುಳ್ಳಿ. ಕೊಚ್ಚಿದ ಈರುಳ್ಳಿ 100 ಗ್ರಾಂ ಕೊನೆಯಲ್ಲಿ, ತುಂಬಿಸುವ ಮುಂಚೆ. 20 ನಿಮಿಷ ಫ್ರಿಜ್ಜಿನಲ್ಲಿಟ್ಟರೆ ಗಟ್ಟಿಯಾಗಿ ತುಂಬಿಸಲು ಸಲೀಸು.

ಹಬೆ 10ರಿಂದ 12 ನಿಮಿಷ. ಅಡುಗೆಯ ಥರ್ಮಾಮೀಟರ್ ಇದ್ದರೆ ಒಳಗೆ 74 ಡಿಗ್ರಿ ಸೆಲ್ಸಿಯಸ್ ತೋರಿಸಬೇಕು. ಇಲ್ಲದಿದ್ದರೆ ಒಂದನ್ನು ಮುರಿದು ನೋಡಿ, ಗುಲಾಬಿ ಛಾಯೆ ಇರಬಾರದು. ಹಸಿ ಕೈಮಾ ಹೂರಣವನ್ನು ಮಂಗಳೂರಿನ ಸೆಕೆಯಲ್ಲಿ ಹೊರಗೆ ಬಿಟ್ಟು ನಿಧಾನವಾಗಿ ತುಂಬಿಸುತ್ತಾ ಕೂರಬೇಡಿ. ಅರ್ಧ ಹೊರಗೆ, ಅರ್ಧ ಫ್ರಿಜ್ಜಿನಲ್ಲಿ ಇರಲಿ.

ಮನೆಯಲ್ಲಿ ಮೈದಾ ತರುವುದಿಲ್ಲ. ಗೋಧಿ ಅಥವಾ ರಾಗಿಯಲ್ಲಿ ಆಗುತ್ತದೆಯೇ? ನನ್ನ ತಂಗಿಗೆ ಗೋಧಿಯೇ ಆಗುವುದಿಲ್ಲ, ಅವಳಿಗೂ ಒಂದು ದಾರಿ ತಿಳಿಸಿ. (ಬಳ್ಳಾರಿ)

ಗೋಧಿಯಲ್ಲಿ ಆಗುತ್ತದೆ. 200 ಗ್ರಾಂ ಗೋಧಿ ಹಿಟ್ಟಿಗೆ 120ರಿಂದ 125 ಮಿ.ಲೀ. ನೀರು, ಅದರಲ್ಲಿ ಅರ್ಧ ಕುದಿಯುವ ನೀರು. ಹಿಟ್ಟನ್ನು ನುಣುಪು ಜರಡಿಯಲ್ಲಿ ಜರಡಿ ಹಿಡಿದು ತವುಡು ತೆಗೆಯಿರಿ. ತವುಡಿನ ಚೂರುಗಳು ಗ್ಲುಟೆನ್ ಎಳೆಗಳನ್ನು ಕತ್ತರಿಸುವುದರಿಂದಲೇ ಹಾಳೆ ತೆಳ್ಳಗೆ ಲಟ್ಟಿಸಿದರೆ ಹರಿಯುವುದು. ಮುಕ್ಕಾಲು ಗಂಟೆ ನೆನೆಯಲಿ, ನೆರಿಗೆ ಬೇಡ, ಅರ್ಧಚಂದ್ರವೇ ಸಾಕು. ರಾಗಿಯನ್ನು ಕಾಲು ಭಾಗದಷ್ಟು ಬೆರೆಸಬಹುದು, ಅದಕ್ಕಿಂತ ಹೆಚ್ಚಾದರೆ ಬಿರುಕು ಬಿಡುತ್ತದೆ.

ನಿಮ್ಮ ತಂಗಿಗೆ ಅಕ್ಕಿ ಹಿಟ್ಟು. ಗಣೇಶ ಚೌತಿಗೆ ಮೋದಕ, ಕಡುಬಿಗೆ ಹಿಟ್ಟು ಉಕ್ಕರಿಸಿ ಬಲ್ಲವರಿಗೆ ಇದು ಹೊಸತಲ್ಲ. 150 ಗ್ರಾಂ ನುಣುಪು ಅಕ್ಕಿ ಹಿಟ್ಟಿಗೆ 50 ಗ್ರಾಂ ಮರಗೆಣಸಿನ ಪಿಷ್ಟ (ಟ್ಯಾಪಿಯೋಕಾ ಪುಡಿ) ಬೆರೆಸಿ. 240 ಮಿ.ಲೀ. ನೀರಿಗೆ ಉಪ್ಪು, 2 ಟೀ ಚಮಚ ಎಣ್ಣೆ ಹಾಕಿ ಕುದಿಸಿ, ಹಿಟ್ಟು ಸುರಿದು ತಿರುವಿ, ಉರಿ ಆರಿಸಿ ಮುಚ್ಚಿ 10 ನಿಮಿಷ ಬಿಡಿ. ಬಿಸಿ ಇರುವಾಗಲೇ ಚೆನ್ನಾಗಿ ನಾದಿ, ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ತಟ್ಟಿ ತುಂಬಿಸಿ. ಮರಗೆಣಸಿನ ಪಿಷ್ಟ ಇಲ್ಲದಿದ್ದರೆ ಮೆಕ್ಕೆಜೋಳದ ಪಿಷ್ಟವೂ (ಕಾರ್ನ್ ಫ್ಲೋರ್) ನಡೆಯುತ್ತದೆ, ಎಳೆತ ಕಡಿಮೆ. ಇಲ್ಲಿ ಹೂರಣವನ್ನು ಮೊದಲೇ ಬಾಡಿಸಿ ಆರಿಸಿಕೊಳ್ಳಿ, ಹಬೆ 7 ನಿಮಿಷ ಮೀರಬಾರದು.

ಒಂದು ಮುಖ್ಯ ಎಚ್ಚರಿಕೆ: ಸಾಮಾನ್ಯ ಸೋಯಾ ಸಾಸಿನಲ್ಲಿ ಗೋಧಿ ಇರುತ್ತದೆ. ಬಾಟಲಿಯ ಚೀಟಿ ಓದದೆ ಅವರ ಹೂರಣಕ್ಕೂ ಅದ್ದಿಕೊಳ್ಳುವ ಬಟ್ಟಲಿಗೂ ಹಾಕಬೇಡಿ.

ತಳ ಗರಿಗರಿಯಾಗಿ, ಮೇಲೆ ಮೆತ್ತಗೆ ಇರುವಂತೆ ಬಾಣಲೆಯಲ್ಲಿ ಮಾಡುವುದು ಹೇಗೆ? ದೋಸೆ ಕಾವಲಿಯಲ್ಲಿ ಎಲ್ಲ ಅಂಟಿಕೊಂಡವು. (ಬೆಂಗಳೂರು)

ಕಾವಲಿಗೆ ಅಂಚಿಲ್ಲ, ಮುಚ್ಚಳ ಕೂರುವುದಿಲ್ಲ, ಹಬೆ ನಿಲ್ಲುವುದಿಲ್ಲ. 24 ಸೆಂ.ಮೀ. ಅಗಲದ, ಚಪ್ಪಟೆ ತಳದ, ಮುಚ್ಚಳವಿರುವ ನಾನ್‌ಸ್ಟಿಕ್ ಬಾಣಲೆ ತೆಗೆದುಕೊಳ್ಳಿ. 1 ದೊಡ್ಡ ಚಮಚ ಎಣ್ಣೆ ಕಾದ ಮೇಲೆ 14-15 ಮೋಮೋ ಜೋಡಿಸಿ, ಮಧ್ಯಮ ಉರಿಯಲ್ಲಿ 2 ನಿಮಿಷ. ತಳ ತಿಳಿಗೆಂಪಾದಾಗ 70 ಮಿ.ಲೀ. ನೀರು ಬದಿಯಿಂದ ಸುರಿದು ತಕ್ಷಣ ಮುಚ್ಚಿ. ಎಣ್ಣೆ ಸಿಡಿಯುತ್ತದೆ, ಮುಚ್ಚಳ ಕೈಯಲ್ಲೇ ಇರಲಿ. 5-6 ನಿಮಿಷದ ನಂತರ ಮುಚ್ಚಳ ತೆಗೆದು ನೀರು ಪೂರ್ತಿ ಆರಿ ಚಟಪಟ ಸದ್ದು ಬರುವ ತನಕ ಬಿಡಿ. ಆಗ ಇನ್ನೊಂದು ಟೀ ಚಮಚ ಎಣ್ಣೆ, ಇನ್ನೊಂದೂವರೆ ನಿಮಿಷ. ನಡುವೆ ಕದಲಿಸಲೇಬೇಡಿ. ಹಸಿ ಪಿಷ್ಟ ಬೇಯುವಾಗ ಅಂಟುತ್ತದೆ, ಗರಿಯಾದ ಮೇಲೆ ತಾನಾಗಿ ಬಿಡುತ್ತದೆ. ನೀವು ಅಂಟುವ ಹೊತ್ತಿನಲ್ಲಿ ಎಬ್ಬಿಸಲು ಹೋಗಿದ್ದೀರಿ.

ಎಲ್ಲ ಮೋಮೋಗಳ ತಳವನ್ನು ಕೂಡಿಸುವ ಜಾಲರಿಯಂಥ ಗರಿ ಬೇಕೆಂದರೆ ಬರಿ ನೀರಿನ ಬದಲು 100 ಮಿ.ಲೀ. ನೀರಿಗೆ 10 ಗ್ರಾಂ ಮೈದಾ ಅಥವಾ ಮೆಕ್ಕೆಜೋಳದ ಪಿಷ್ಟ ಕದಡಿ ಸುರಿಯಿರಿ. ನೀರು ಆರಿದ ಮೇಲೆ ಉಳಿಯುವ ತೆಳು ಪದರವೇ ಆ ಜಾಲರಿ. ಬಾಣಲೆಯ ಮೇಲೆ ತಟ್ಟೆ ಮುಚ್ಚಿ ಒಮ್ಮೆಲೇ ಮಗುಚಿ.

ಕೆಂಪು ಚಟ್ನಿಯ ಅಳತೆ ಬೇಕು. ನಮ್ಮಲ್ಲಿ ಜುಮ್ಮನಕಾಯಿ ಇದೆ, ಅದನ್ನು ಹಾಕಬಹುದೇ? (ಶಿರಸಿ)

ಹಾಕಲೇಬೇಕು. ನೇಪಾಳದ ಮೋಮೋ ಚಟ್ನಿಗೆ ಬೀಳುವ ತಿಮುರ್, ಚೀನಾದ ಸಿಚುವಾನ್ ಮೆಣಸು, ನಿಮ್ಮ ಜುಮ್ಮನಕಾಯಿ ಮೂರೂ ಒಂದೇ ಕುಲದ ಗಿಡಗಳವು. ನಾಲಗೆ ಜುಮ್ಮೆನ್ನಿಸುವ ಗುಣ, ನಿಂಬೆಯ ಹತ್ತಿರದ ಘಮ ಮೂರರಲ್ಲೂ ಉಂಟು. ಪೇಟೆಯಿಂದ ದುಬಾರಿ ಮೆಣಸು ತರಿಸುವವರಿಗೆ ಇದು ಗೊತ್ತಾಗಬೇಕು.

300 ಗ್ರಾಂ ಟೊಮೆಟೊ, 8 ಬ್ಯಾಡಗಿ, ಖಾರಕ್ಕೆ 2 ಗುಂಟೂರು ಮೆಣಸಿನಕಾಯಿಯನ್ನು ಅರ್ಧ ಲೋಟ ನೀರಿನಲ್ಲಿ 10 ನಿಮಿಷ ಬೇಯಿಸಿ ಆರಿಸಿ. 1 ದೊಡ್ಡ ಚಮಚ ಹುರಿದ ಎಳ್ಳು, 6 ಎಸಳು ಬೆಳ್ಳುಳ್ಳಿ, ಉಪ್ಪು ಸೇರಿಸಿ ರುಬ್ಬಿ. 4-5 ಜುಮ್ಮನಕಾಯಿಯ ಒಳಗಿನ ಕರಿ ಬೀಜ ತೆಗೆದು ಸಿಪ್ಪೆಯನ್ನಷ್ಟೇ ಬೆಚ್ಚಗೆ ಮಾಡಿ ಕುಟ್ಟಿ ಕೊನೆಗೆ ಬೆರೆಸಿ. ರುಬ್ಬಿ ಕುದಿಸಿದರೆ ಘಮ ಹಾರಿಹೋಗುತ್ತದೆ. 1 ದೊಡ್ಡ ಚಮಚ ಎಣ್ಣೆ ಕಾಯಿಸಿ ಮೇಲೆ ಹಾಕಿ. ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ.

ಸೂಪರ್ ಮಾರ್ಕೆಟ್ಟಿನಲ್ಲಿ ನಾಲ್ಕೈದು ಬಗೆಯ ಸಿದ್ಧ ಹಾಳೆ ಇವೆ. ಮೋಮೋಗೆ ಯಾವುದು? ನಾವು ಸಸ್ಯಾಹಾರಿಗಳು. (ಸಿಂಗಪುರ)

ದುಂಡಗಿನ, ಬಿಳಿಯ ಹಾಳೆ. ಅದರಲ್ಲೂ ದಪ್ಪನೆಯದು ನೀರಿಗೆ, ತೆಳುವಾದದ್ದು ಬಾಣಲೆಗೆ ಮತ್ತು ಹಬೆಗೆ. ಹಳದಿ ಬಣ್ಣದ ಚೌಕ ವಾಂಟನ್ ಹಾಳೆಯಲ್ಲಿ ಹಲವೊಮ್ಮೆ ಮೊಟ್ಟೆ ಇರುತ್ತದೆ, ಪೊಟ್ಟಣದ ಪಟ್ಟಿ ಓದಿಯೇ ಕೊಳ್ಳಿ. ಸ್ಪ್ರಿಂಗ್ ರೋಲ್ ಹಾಳೆ ಬೇಡ, ಅದು ಕರಿಯಲಿಕ್ಕಿರುವುದು, ಹಬೆಯಲ್ಲಿ ಪದರ ಬಿಡುತ್ತದೆ. ಹೆಪ್ಪುಗಟ್ಟಿದ ಪೊಟ್ಟಣವನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ಫ್ರಿಜ್ಜಿಗೆ ಇಳಿಸಿ, ಒತ್ತಾಯದಿಂದ ಬಿಡಿಸಿದರೆ ಅಂಚು ಸೀಳುತ್ತದೆ. ಈ ಹಾಳೆಗಳ ಮೇಲೆ ಪಿಷ್ಟ ಉದುರಿಸಿರುತ್ತಾರೆ, ಹಾಗಾಗಿ ಇಲ್ಲಿ ಅಂಚಿಗೆ ಬೆರಳಿನಿಂದ ನೀರು ಹಚ್ಚಲೇಬೇಕು. ಒಂದು ಬಾರಿಗೆ ಆರೇಳು ಹೊರಗೆ, ಉಳಿದದ್ದು ಒದ್ದೆ ಬಟ್ಟೆಯಡಿ.

ಅಲ್ಲಿ ಸಿಗುವ ಎಳ್ಳೆಣ್ಣೆ ಹುರಿದ ಎಳ್ಳಿನದು, ಕಂದು ಬಣ್ಣ, ಘಮ ಜೋರು. ಹೂರಣಕ್ಕೆ ಒಂದು ಟೀ ಚಮಚ ಸಾಕು. ಊರಿನ ಗಾಣದ ಎಳ್ಳೆಣ್ಣೆಯ ಅಳತೆಯಲ್ಲಿ ಸುರಿದರೆ ಬೇರೆ ರುಚಿಯೇ ತಿಳಿಯುವುದಿಲ್ಲ.

ಅಜಿನೊಮೊಟೊ ಹಾಕದಿದ್ದರೆ ರುಚಿ ಬರುವುದಿಲ್ಲವೇ? (ಕೋಲಾರ)

ಬರುತ್ತದೆ. ಸೋಯಾ ಸಾಸ್, ಟೊಮೆಟೊ, ಒಣ ಅಣಬೆ ಮೂರರಲ್ಲೂ ಅಜಿನೊಮೊಟೊಗೆ ರುಚಿ ಕೊಡುವ ಅದೇ ಗ್ಲುಟಮೇಟ್ ಸಹಜವಾಗಿಯೇ ಇದೆ. ಎರಡು ಒಣ ಶಿಟಾಕೆ ಅಣಬೆಯನ್ನು ಬಿಸಿನೀರಿನಲ್ಲಿ ನೆನೆಸಿ ಕೊಚ್ಚಿ ಹೂರಣಕ್ಕೆ ಹಾಕಿ ನೋಡಿ.

ಭಾನುವಾರ ಮಾಡಿಟ್ಟು ವಾರವಿಡೀ ಬಳಸಬಹುದೇ? ಮಗನ ಡಬ್ಬಿಗೆ ಕಳಿಸಬೇಕು. (ಬೆಳಗಾವಿ)

ಬೇಯಿಸದೆ ಹೆಪ್ಪುಗಟ್ಟಿಸಿ. ಒಣಹಿಟ್ಟು ಉದುರಿಸಿದ ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು ಫ್ರೀಜರಿನಲ್ಲಿ 2 ಗಂಟೆ, ಕಲ್ಲಿನಂತಾದ ಮೇಲೆ ಗಾಳಿ ಹೊರಗೆ ಒತ್ತಿದ ಚೀಲಕ್ಕೆ. ಮೊದಲೇ ಚೀಲಕ್ಕೆ ತುಂಬಿದರೆ ಒಂದೇ ಮುದ್ದೆ. ಒಂದು ತಿಂಗಳು ರುಚಿ ಕೆಡುವುದಿಲ್ಲ. ಬರಿ ಫ್ರಿಜ್ಜಿನಲ್ಲಿಟ್ಟರೆ ಮಾತ್ರ ಮರುದಿನಕ್ಕೇ ತಳ ನೆನೆದು ಹರಿಯುತ್ತದೆ. ಪನೀರ್, ತೋಫು ಎರಡೂ ಹೆಪ್ಪುಗಟ್ಟಿದಾಗ ಸ್ವಲ್ಪ ಗಟ್ಟಿಯಾಗುತ್ತವೆ. ನೆನೆಸಿ ಹಿಂಡಿದ ಸೋಯಾ ಚಂಕ್ಸನ್ನು ಮಿಕ್ಸಿಯಲ್ಲಿ ಒಂದೆರಡು ಸುತ್ತು ತಿರುಗಿಸಿ ಹಾಕಿದರೆ ಬದಲಾವಣೆ ತಿಳಿಯುವುದಿಲ್ಲ.

ಬೇಯಿಸುವಾಗ ಕರಗಿಸಬೇಡಿ. ಕರಗಿದ ಕೂಡಲೇ ಹೂರಣದ ನೀರು ಹಾಳೆಗೆ ಇಳಿಯುತ್ತದೆ. ಫ್ರೀಜರಿನಿಂದ ನೇರವಾಗಿ ಹಬೆಗೆ, ತರಕಾರಿಯದಾದರೆ 11-12 ನಿಮಿಷ, ಚಿಕನ್ ಆದರೆ 15. ಬಾಣಲೆಯಲ್ಲಾದರೆ ನೀರು 100 ಮಿ.ಲೀ.ಗೆ ಏರಿಸಿ, ಮುಚ್ಚಿಡುವ ಹೊತ್ತು ತರಕಾರಿಯದಕ್ಕೆ 8 ನಿಮಿಷ, ಚಿಕನ್ನಿಗೆ 10.

ಡಬ್ಬಿಗೆ ಹಬೆಯದಕ್ಕಿಂತ ಬಾಣಲೆಯದು ಮೇಲು, ತಣ್ಣಗಾದರೂ ತಿನ್ನಲಾಗುತ್ತದೆ. ಜಾಲರಿಯ ಮೇಲೆ ಹತ್ತು ನಿಮಿಷ ಆರಿಸಿ, ಎಲೆಕೋಸಿನ ಎಲೆ ಹಾಸಿದ ಡಬ್ಬಿಗೆ ಒಂದೇ ಪದರದಲ್ಲಿ ಜೋಡಿಸಿ. ಬಿಸಿಯಲ್ಲೇ ಮುಚ್ಚಿದರೆ ಬೆವರಿ ಅಂಟಿಕೊಳ್ಳುತ್ತವೆ. ಚಟ್ನಿಗೆ ಬೇರೆ ಸಣ್ಣ ಡಬ್ಬಿ. ಚಿಕನ್ನಿನದನ್ನು ಬೆಳಿಗ್ಗೆ ಮಾಡಿ ಮಧ್ಯಾಹ್ನದ ಡಬ್ಬಿಗೆ ಹಾಕಬೇಡಿ, ಅದು ಸಂಜೆ ಮನೆಯಲ್ಲಿ ಬಿಸಿಬಿಸಿ ತಿನ್ನಲಿ.